ಹಿತ್ತಲ ಸಂದಿಯ ದುರ್ಗಪ್ಪ

ಬೈಲಹೊಂಗಲದ ಪೇಟೆಯಲ್ಲಿ ಯಾರ ಮನೆಯ ಮುಂಬಾಗಿಲು ಹೇಗಿದೆ ಎಂದು ಕೇಳಿದರೆ ದುರ್ಗಪ್ಪನಿಗೆ ಹೇಳಲು ಬರುತ್ತಿರಲಿಲ್ಲ. ಹಿತ್ತಲ ಸಂದಿಗೆ ಕರೆದುಕೊಂಡು ಹೋಗಿ ಕೇಳಿದರೆ ಮಾತ್ರ ಎಲ್ಲವನ್ನೂ ಹೇಳುತ್ತಿದ್ದ. ಯಾವ ಗೋಡೆಯ ಬುಡ ಹಸಿ ಹಿಡಿದಿದೆ, ಯಾವ ಕದದ ಕೆಳಗೆ ಹಂದಿ ಮೂತಿ ತೂರಿಸಿದೆ, ಯಾವ ಮನೆಯ ಮುದುಕನಿಗೆ ಕೆಮ್ಮು ಹೆಚ್ಚಾಗಿದೆ, ಯಾವ ಮನೆಗೆ ಹೊಸ ಸೊಸೆ ಬಂದಿದ್ದಾಳೆ, ಎಲ್ಲ ಅವನಿಗೆ ಗೊತ್ತು. ಅವರ ಮುಖವನ್ನು ಮಾತ್ರ ಅವನು ಕಂಡಿರಲಿಲ್ಲ.

ಪ್ಲೇಗಿನ ಮೊದಲ ಹೊಡೆತ ತಗ್ಗಿದ ಕಾಲ ಅದು. ಊರಿನ ಬಹುಮಂದಿ ತಂಬಿಗೆ ಹಿಡಿದು ಬಯಲಿಗೇ ಹೋಗುತ್ತಿದ್ದರು. ಹತ್ತಿಯ ವ್ಯಾಪಾರ ಮಾಡುವ ಹತ್ತಿಪ್ಪತ್ತು ದೊಡ್ಡ ಮನೆಗಳಲ್ಲಿ ಮಾತ್ರ ಹಿತ್ತಲ ಮೂಲೆಗೆ ಪಾಯಖಾನೆ ಇತ್ತು. ಮೇಲೆ ಕಾಲಿಡುವ ಎರಡು ಕಲ್ಲು, ಕೆಳಗೆ ಒಂದು ಗೂಡು, ಗೂಡಿನೊಳಗೆ ಬುಟ್ಟಿ. ಬುಟ್ಟಿಯನ್ನು ಹೊರಗಿನಿಂದ ಎಳೆದುಕೊಳ್ಳಲು ಸಂದಿಯ ಕಡೆಗೆ ಒಂದು ಗಿಡ್ಡ ಕದ. ದಿನ ಬೆಳಗಾದರೆ ಕೃಷ್ಣವ್ವ ಎಂಬ ಹೆಂಗಸು ಬಂದು ಆ ಬುಟ್ಟಿ ಹೊತ್ತೊಯ್ಯುತ್ತಿದ್ದಳು. ಕದ ಕೊಳೆತರೆ, ಕಲ್ಲು ಅಲುಗಿದರೆ, ಗೂಡಿನ ನೆಲ ಬಾಯಿಬಿಟ್ಟರೆ ಅದನ್ನು ಸರಿಮಾಡುವವನು ದುರ್ಗಪ್ಪ.

ಈ ಕೆಲಸಕ್ಕೆಂದು ಅವನು ಹುಟ್ಟಿರಲಿಲ್ಲ. ಕೆಳಗೇರಿಯ ಹುಡುಗರ ಜೊತೆ ರೈಲಿನ ಸೇತುವೆ ಕಟ್ಟುವ ಕಡೆಗೆ ಹೋಗಿ ಆರು ವರ್ಷ ಸುಣ್ಣ ಹೊತ್ತಿದ್ದ. ಹೊರುತ್ತ ಹೊರುತ್ತ ಕಣ್ಣಿನಿಂದಲೇ ಕೆಲಸ ಕಲಿತ. ಸುಣ್ಣಕ್ಕೆ ಇಟ್ಟಂಗಿಯ ಪುಡಿ ಎಷ್ಟು, ಬೆಲ್ಲದ ನೀರು ಎಷ್ಟು, ಅರೆದ ಗಚ್ಚು ಯಾವ ಹದಕ್ಕೆ ಬಂದರೆ ನೀರು ತಡೆಯುತ್ತದೆ, ಎಲ್ಲ ಕೈಗೆ ಹತ್ತಿತ್ತು. ಊರಿಗೆ ಮರಳಿ ಬಂದಾಗ ಗಚ್ಚು ಬಳಿಯುವ ಕರಣಿಯೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ. ಆದರೆ ಊರಿನಲ್ಲಿ ಮನೆ ಕಟ್ಟುವ ಗೌಂಡಿಗಳು ಅವನನ್ನು ತಮ್ಮ ಸಾಲಿಗೆ ಸೇರಿಸಿಕೊಳ್ಳಲಿಲ್ಲ. ಅವನು ಕಟ್ಟಿದ ಗೋಡೆಯೊಳಗೆ ಯಾರು ಬಾಳ್ವೆ ಮಾಡಬೇಕು? ಅವರು ಬಿಟ್ಟ ಕೆಲಸವೊಂದೇ ಅವನ ಪಾಲಿಗೆ ಉಳಿಯಿತು.

ಅದನ್ನು ಹಿಡಿದ ಮೇಲೆ ಸ್ವಂತ ಕೇರಿಯವರೂ ಮೂಗು ಮುರಿದರು. ಕಟ್ಟೆಯ ಮೇಲೆ ಅವನು ಕುಳಿತರೆ ಒಬ್ಬೊಬ್ಬರಾಗಿ ಏಳುತ್ತಿದ್ದರು. ಹೆಂಡತಿ ಸೀತವ್ವ ಇರುವತನಕ ಆ ನೋವು ಮನೆಯ ಹೊಸ್ತಿಲಿಗೇ ನಿಲ್ಲುತ್ತಿತ್ತು. ಬಿಸಿನೀರು ಕಾಯಿಸಿಟ್ಟು, "ಅವರ ಎದ್ದ ಹೋದ್ರ ಹೋಗ್ಲಿ ಬಿಡ, ಕಟ್ಟಿ ಅಗಲ ಆಗ್ತೈತಿ, ಕಾಲ ಚಾಚಿ ಕುಂದ್ರು" ಎನ್ನುತ್ತಿದ್ದಳು. ಪ್ಲೇಗಿಗೆ ಹೆದರಿ ಊರೆಲ್ಲ ಹೊಲಗಳಲ್ಲಿ ಜೋಪಡಿ ಹಾಕಿಕೊಂಡಿದ್ದಾಗ ಅವಳ ಬಗಲಲ್ಲಿ ಗಡ್ಡೆ ಎದ್ದಿತು. ನಾಲ್ಕನೆಯ ದಿನ ಹೋಗಿಬಿಟ್ಟಳು. ಮಕ್ಕಳಿರಲಿಲ್ಲ. ಅಂದಿನಿಂದ ದುರ್ಗಪ್ಪ ತಾನೇ ರೊಟ್ಟಿ ತಟ್ಟಿಕೊಳ್ಳುತ್ತಿದ್ದ. ಸೀತವ್ವನಂತೆ ದುಂಡಗೆ ತಟ್ಟಲು ಅವನಿಗೆ ಕೊನೆಯವರೆಗೂ ಬರಲಿಲ್ಲ.

ಹತ್ತಿಯ ಸಾವಕಾರ ನಿಜಗುಣಪ್ಪನ ಮನೆಯ ಪಾಯಖಾನೆ ಕೆಟ್ಟದ್ದು ಇದಾದ ಮೂರು ನಾಲ್ಕು ವರ್ಷದ ಮೇಲೆ. ಗೂಡಿನಲ್ಲಿ ನೀರು ತುಂಬಿ ಬುಟ್ಟಿ ತೇಲುತ್ತಿತ್ತು. ಅದನ್ನು ಎತ್ತುವಾಗ ಹೊಲಸೆಲ್ಲ ಕೃಷ್ಣವ್ವನ ಮೈಮೇಲೆ ಸುರಿಯುತ್ತಿತ್ತು. ಬೈಗುಳವೂ ಅವಳಿಗೇ.

ದುರ್ಗಪ್ಪ ಮೊದಲು ಮೇಲಿನ ಹಂಚು ನೋಡಿದ. ಎರಡು ಒಡೆದಿದ್ದವು, ಬದಲಿಸಿದ. ನೀರು ನಿಲ್ಲಲಿಲ್ಲ. ಗೂಡಿನ ನೆಲ ಒಳಗೆ ವಾಲಿದೆಯೆಂದು ಅದನ್ನು ಕೆದರಿ, ಸಂದಿಯ ಕಡೆಗೆ ಇಳಿಜಾರು ಮಾಡಿ ಗಚ್ಚು ಬಳಿದ. ವಾರದೊಳಗೆ ಮತ್ತೆ ಕರೆ ಬಂತು. ಗೋಡೆಯ ಆಚೆಯಿಂದ ಸಾವಕಾರನ ಹೆಂಡತಿ ತಾಯವ್ವ ಕೂಗಾಡಿದಳು.

"ಮೊನ್ನೆನ ಮಾಡಿ ಹೋಗೀದಿ, ಮತ್ತ ತುಂಬೇತಿ ನೋಡು! ಎಂಥಾ ಗಚ್ಚ ಹಾಕೀದಿ?"

"ಗಚ್ಚಿನ ತಪ್ಪಲ್ರೀ ಎವ್ವಾ. ಇದು ಮಳಿ ನೀರೂ ಅಲ್ಲ. ಎಲ್ಲಿಂದ ಬರಾಕತ್ತೇತಿ ನೋಡಬೇಕ್ರಿ. ನಾಳಿ ಒಂದಿನ ಬಚ್ಚಲಕ್ಕ ನೀರ ಬಿಡಬ್ಯಾಡ್ರಿ."

"ಜಳಕ ಬಿಟ್ಟು ಲಿಂಗಪೂಜಿ ಹ್ಯಾಂಗ ಮಾಡೂದೋ? ಬುದ್ಧಿ ಐತೇನ ನಿನಗ?"

ಮರುವಾರ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಮುರಗೋಡದ ಮಠಕ್ಕೆ ಹೋದರೆಂದು ಕೃಷ್ಣವ್ವ ಹೇಳಿದಳು. ಆ ದಿನ ಹೋಗಿ ಗಿಡ್ಡ ಕದ ತೆರೆದು ನೋಡಿದ. ಗೂಡು ಒಣಗಿತ್ತು. ಅವರು ಬಂದ ಮರುದಿನ ಬೆಳಗ್ಗೆ ಮತ್ತೆ ನೋಡಿದ, ಮೊಣಕೈ ಮಟ ನೀರು. ಬಚ್ಚಲಿನಿಂದ ಬರುವ ಸುಟ್ಟ ಮಣ್ಣಿನ ಕೊಳವೆ ಒಳಗೆಲ್ಲೋ ಒಡೆದು ಪಾಯಖಾನೆಯ ಗೋಡೆಗೆ ನೀರು ಬಿಡುತ್ತಿದೆ ಎಂಬುದು ಖಾತ್ರಿಯಾಯಿತು.

ಒಡೆದದ್ದು ಹಿತ್ತಲ ಅಂಗಳದಲ್ಲಿ. ಅಲ್ಲಿಗೆ ದುರ್ಗಪ್ಪ ಹೋಗುವಂತಿರಲಿಲ್ಲ. ಅವನು ಗೋಡೆಯಾಚೆಗೆ ಕೂಗಿ ತಿಳಿಸಿದ ಮೇಲೆ ಸಾವಕಾರ ಗೌಂಡಿ ಶಂಕ್ರೆಪ್ಪನನ್ನು ಕರೆಸಿದ. ಶಂಕ್ರೆಪ್ಪ ದೂರದಿಂದಲೇ ನೋಡಿ, "ಬಚ್ಚಲ ಆದ್ರ ಮುಟ್ಟತೇನ್ರಿ ಸಾವಕಾರ್ರ. ಪಾಯಖಾನಿಗೆ ಕೂಡಿದ ಕೊಳವಿಗೆ ನನ್ನ ಕರಣಿ ಹಚ್ಚಾಂಗಿಲ್ಲ" ಎಂದು ಹೊರಟುಹೋದ. ಒಬ್ಬನಿಗೆ ಅಲ್ಲಿಗೆ ಹೋಗಲು ಅಪ್ಪಣೆಯಿಲ್ಲ, ಇನ್ನೊಬ್ಬನಿಗೆ ಮನಸ್ಸಿಲ್ಲ. ಕೊಳವೆ ಒಡೆದೇ ಉಳಿಯಿತು.

ದುರ್ಗಪ್ಪನ ತಲೆಯಲ್ಲಿ ಕೊರೆಯುತ್ತಿದ್ದುದು ಬೇರೆಯೇ ಆಗಿತ್ತು. ಬೆಳಗ್ಗೆ ಮೊಣಕೈ ಮಟ ಇದ್ದ ನೀರು ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಇಂಗುತ್ತಿತ್ತು. ಸಂದಿಗೆ ಒಂದು ಹನಿ ಬರುತ್ತಿರಲಿಲ್ಲ. ಹಾಗಾದರೆ ಹೋಗುತ್ತಿದ್ದುದೆಲ್ಲಿಗೆ? ಒಂದು ದಿನ ಗೋಡೆಯಾಚೆ ರಾಟೆಯ ಕಿರುಗುಟ್ಟುವಿಕೆ ಕೇಳಿಸಿತು. ಕೊಡ ನೀರಿಗೆ ಬಿದ್ದ ಸದ್ದೂ ಕೇಳಿತು. ಮನೆಯ ಬಾವಿ ಅಲ್ಲಿಂದ ಹತ್ತು ಹನ್ನೊಂದು ಹೆಜ್ಜೆ ಅಷ್ಟೇ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಎರೆಮಣ್ಣಿನ ನೆಲ ಅದು. ಅವನ ಕೈಯಲ್ಲಿದ್ದ ಕರಣಿ ಹಾಗೇ ನಿಂತಿತು.

ಆ ಗೋಡೆಯಾಚೆ ಅವನಿಗೆ ಪರಿಚಯದ ಇನ್ನೊಂದು ಧ್ವನಿಯಿತ್ತು. ಸಾವಕಾರನ ಸೊಸೆ ಪದ್ಮವ್ವನದು. ಎರಡು ಕೂಸುಗಳನ್ನು ಹೊಟ್ಟೆ ಹರಿಯುವ ಬೇನೆಗೆ ಕಳೆದುಕೊಂಡು ಮಣ್ಣಿಗೆ ಕೊಟ್ಟಿದ್ದಳು. ಮನೆಯೊಳಗೆ ಅತ್ತರೆ ಅತ್ತೆ ಗದರುತ್ತಾಳೆಂದು ಈ ಮೂಲೆಗೆ ಬಂದು ಅಳುತ್ತಿದ್ದಳು. ಅಂಥ ಹೊತ್ತಿನಲ್ಲಿ ದುರ್ಗಪ್ಪ ಕೆಲಸ ನಿಲ್ಲಿಸಿ, ಸದ್ದು ಮಾಡದೆ ಕುಳಿತಿರುತ್ತಿದ್ದ. ಅವಳು ಎದ್ದು ಹೋದ ಮೇಲೆ ಕರಣಿ ಎತ್ತಿಕೊಳ್ಳುತ್ತಿದ್ದ. ಈಗ ಮೂರನೆಯ ಕೂಸಿಗೂ ಅದೇ ಬೇನೆ ಹಿಡಿದಿತ್ತು.

ಅಂದು ಅವನು ಮೊದಲ ಸಲ ತಾನಾಗಿ ಮಾತು ತೆಗೆದ.

"ಎವ್ವಾ, ಸಿಟ್ಟಿಗೇಳಬ್ಯಾಡ್ರಿ. ಆ ಬಾಂವಿ ನೀರ ಕೂಸಿಗೆ ಕುಡಿಸಬ್ಯಾಡ್ರಿ."

ಅಳು ಥಟ್ಟನೆ ನಿಂತಿತು. "ಯಾರು?"

"ಗಚ್ಚ ಹಾಕಾಂವ್ರಿ. ಈ ಗೂಡಿನ ಹೊಲಸ ನೀರ ಬಾಂವಿಗೆ ಹೊಂಟೇತಿ ಅಂತ ನನಗನಸತೈತಿ."

ಬಳೆಗಳ ಸದ್ದು ಗೋಡೆಗೆ ಹತ್ತಿರವಾಯಿತು. ಆಮೇಲೆ ಅವಳು, "ಮಾವಾರು ನಂಬಾಂಗಿಲ್ಲ. ನೀ ಅಂದೀ ಅಂದ್ರಂತೂ ನಂಬಾಂಗಿಲ್ಲ" ಎಂದಳು.

"ಕಣ್ಣಿಗೆ ಕಂಡ್ರ ನಂಬತಾರಲ್ರೀ?" ಎಂದು ದುರ್ಗಪ್ಪ ಸೇತುವೆಯ ಕಡೆ ಕಂಡದ್ದನ್ನು ಹೇಳಿದ. ನೀರಿನ ಟಾಕಿ ಎಲ್ಲಿ ಸೋರುತ್ತದೆಂದು ತಿಳಿಯದಿದ್ದಾಗ ಅಲ್ಲಿಯ ಮೇಸ್ತ್ರಿ ನೀರಿಗೆ ಬಣ್ಣ ಕಲಸಿ ಬಿಟ್ಟಿದ್ದ. ಬಣ್ಣ ಮೂಡಿದಲ್ಲಿ ಬಿರುಕು.

ಮರುದಿನ ನೇಕಾರರ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವವನ ಹತ್ತಿರ ಕೆಂಪು ಪುಡಿ ತಂದು, ಎಲೆಯಲ್ಲಿ ಕಟ್ಟಿ, ಗೂಡಿನ ಮೇಲಿನ ಗೋಡೆಯ ಬಿರುಕಿನಲ್ಲಿ ಇಟ್ಟ. ಬಳೆಗಳ ಸದ್ದಾಯಿತು. ಎಲೆಯ ಪೊಟ್ಟಣ ಒಳಗೆ ಹೋಯಿತು. "ನೀರ ತುಂಬೂ ಹೊತ್ತ ನನಗ ಗೊತ್ತಾಗತೈತಿ, ನಾನ ಹಾಕತೇನಿ. ನೀ ಹೋಗು" ಎಂದಳು ಪದ್ಮವ್ವ.

ಮೂರನೆಯ ದಿನ ಬೆಳಗ್ಗೆ ತಾಯವ್ವ ಸೇದಿದ ಕೊಡದ ನೀರು ಕೆಂಪಗಿತ್ತು.

ಮನೆಯಲ್ಲಿ ಕೋಲಾಹಲವೆದ್ದಿತು. ದೇವಿಯ ಮುನಿಸು ಎಂದರು, ಮಾಟ ಎಂದರು. ಅಷ್ಟರಲ್ಲಿ ನೇಕಾರರ ಓಣಿಯಿಂದ ಸುದ್ದಿ ಬಂತು, ಕೆಂಪು ಪುಡಿ ಒಯ್ದವನು ದುರ್ಗಪ್ಪ ಎಂದು. ಅವನನ್ನು ಹಿಡಿದು ತಂದು ಸಾವಕಾರನ ಮನೆಯ ಮುಂದೆ ಬಿಸಿಲಲ್ಲಿ ನಿಲ್ಲಿಸಿದರು. ಎಂಟು ವರ್ಷ ಕೆಲಸ ಮಾಡಿದ ಮನೆಯ ಮುಂಭಾಗವನ್ನು ಅವನು ನೋಡಿದ್ದು ಅಂದೇ. ನೀಲಿ ಬಣ್ಣದ ಎತ್ತರದ ಬಾಗಿಲು, ಅದರ ತುಂಬ ಹಿತ್ತಾಳೆಯ ಮೊಳೆ. ಅದರ ಒಂದು ಕದ ಅರ್ಧ ತೆರೆದಿತ್ತು. ಅದರ ಹಿಂದೆ ಬಳೆಗಳ ಸದ್ದು ಬಂದು ನಿಂತಿತು. ಆ ಬಳೆಗಳನ್ನು ಅವನು ಗುರುತಿಸಿದ.

"ಪಾಯಖಾನಿ ನೀರ ನಮ್ಮ ಬಾಂವಿಗೆ ಕೂಡಿಸಿದೇನಲೇ?" ಎಂದ ನಿಜಗುಣಪ್ಪ.

"ಕೂಡಿಸಲಿಲ್ರಿ ಸಾವಕಾರ್ರ. ಮೊದಲ ಕೂಡೇತಿ. ಬಣ್ಣ ಹಾಕಿದ್ದು ಪಾಯಖಾನಿಗೆ. ಬಾಂವಿಗೆ ಹ್ಯಾಂಗ ಬಂತು ನೀವ ಹೇಳ್ರಿ."

"ಒಳಗ ಬಂದು ಹಾಕಿದ್ಯಾ? ಯಾರ ಹಾಕಿದ್ರು?"

ಬಾಗಿಲ ಹಿಂದೆ ಉಸಿರು ಕೂಡ ಕೇಳಿಸಲಿಲ್ಲ. ದುರ್ಗಪ್ಪ ನೆಲ ನೋಡಿದ. ಅವಳು ಈಗ ಒಂದು ಮಾತು ಆಡಿದರೆ ಸಾಕು ಎಂದು ಆಸೆಯೂ ಆಯಿತು, ಆಡಿದರೆ ಅವಳ ಗತಿಯೇನು ಎಂದು ಹೆದರಿಕೆಯೂ ಆಯಿತು.

"ಹೊರಗಿನ ಕದದಾಗಿಂದ ನಾನ ಹಾಕಿದ್ನಿರಿ" ಎಂದ.

ಯಾರೋ ಹಿಂದಿನಿಂದ ಕೋಲಿನಲ್ಲಿ ಬೆನ್ನಿಗೆ ಹೊಡೆದರು. ಇನ್ನೂ ಎರಡು ಮೂರು ಏಟು ಬಿದ್ದವು. ಇನ್ನು ಮೇಲೆ ಪೇಟೆಯ ಸಂದಿಗಳಲ್ಲಿ ಅವನು ಕಾಲಿಡಕೂಡದು ಎಂದು ಹಿರಿಯರು ಹೇಳಿದರು. ಕೇರಿಯವರೂ ಅವನ ಪರ ನಿಲ್ಲಲಿಲ್ಲ. ಸಾವಕಾರರ ಹೊಲದಲ್ಲೇ ಅವರೆಲ್ಲ ಕೂಲಿ ಮಾಡಬೇಕಿತ್ತು. ನಾಲ್ಕು ದಿನದ ಮೇಲೆ ಬೆನ್ನಿನ ಬಾವು ಇಳಿಯಿತು. ಕರಣಿ, ಕಂಬಳಿ, ಸೀತವ್ವನ ರೊಟ್ಟಿಯ ಹಂಚು ಗಂಟು ಕಟ್ಟಿಕೊಂಡು ದುರ್ಗಪ್ಪ ಊರು ಬಿಟ್ಟ.

ಕಿತ್ತೂರಿನಲ್ಲಿ ಒಂದು ಮಳೆಗಾಲ ಕಳೆದ. ಅಲ್ಲಿ ಪಾಯಖಾನೆಗಳೇ ಕಡಿಮೆ, ಹೊಟ್ಟೆ ತುಂಬಲಿಲ್ಲ. ಸವದತ್ತಿಯಲ್ಲಿ ಎರಡು ವರ್ಷ ಇದ್ದ. ಕೊನೆಗೆ ರಾಮದುರ್ಗಕ್ಕೆ ಹೋಗಿ, ಸುಣ್ಣದ ಭಟ್ಟಿಯ ಹತ್ತಿರ ಗುಡಿಸಲು ಹಾಕಿಕೊಂಡ. ಅಲ್ಲಿಯೂ ಅದೇ ಸಂದಿ, ಅದೇ ಗಿಡ್ಡ ಕದ, ಗೋಡೆಯಾಚೆ ಮುಖವಿಲ್ಲದ ಅವೇ ದನಿಗಳು. ಕೈ ಮಾತ್ರ ಇನ್ನಷ್ಟು ಪಳಗಿತು. ವಾಸನೆ ಬಂತೆಂದು ಕರೆದರೆ ಮೊದಲು ಗೂಡಿನ ನೆಲಕ್ಕೆ ತಂಬಿಗೆ ನೀರು ಬಿಟ್ಟು ಅದು ಯಾವ ಕಡೆ ಹರಿಯುತ್ತದೆ ನೋಡುತ್ತಿದ್ದ. ಬುಟ್ಟಿ ಕಲ್ಲಿನ ನೇರಕ್ಕೆ ಇಲ್ಲದಿದ್ದರೆ ಎರಡು ಇಟ್ಟಂಗಿಯ ತಡೆ ಕಟ್ಟಿ, ಎಳೆದು ತಳ್ಳಿದರೂ ಅದೇ ಜಾಗಕ್ಕೆ ಬರುವಂತೆ ಮಾಡುತ್ತಿದ್ದ. ಒಲೆಯ ಬೂದಿ ಒಂದು ಗಡಿಗೆಯಲ್ಲಿ ತುಂಬಿ ಒಳಗಿಟ್ಟುಕೊಳ್ಳಿರಿ, ಪ್ರತಿಸಲ ಒಂದು ಹಿಡಿ ಉದುರಿಸಿರಿ ಎನ್ನುತ್ತಿದ್ದ. ಹೊಸದಾಗಿ ಕಟ್ಟಿಸುವವರು ಕೇಳಿದರೆ, "ಬಾಂವಿ ಎಲ್ಲೈತಿ ಮೊದಲ ಹೇಳ್ರಿ" ಎನ್ನುತ್ತಿದ್ದ. ಕೆಲವರು ಹೇಳುತ್ತಿದ್ದರು. ಕೆಲವರು ನಿನಗೇಕೆ ಅದು ಎನ್ನುತ್ತಿದ್ದರು.

ಮಾತಾಡದೆ ಎಂಟು ಹತ್ತು ದಿನ ಕಳೆದುಹೋದದ್ದೂ ಉಂಟು. ಅಂಥ ದಿನಗಳ ಮೇಲೆ ಯಾರಾದರೂ ಏನಾದರೂ ಕೇಳಿದರೆ ದನಿ ಒಡೆದು ಬರುತ್ತಿತ್ತು. ಕೆಮ್ಮಿ ಸರಿಮಾಡಿಕೊಳ್ಳುತ್ತಿದ್ದ.

ಕೆಲಸದ ಮೇಲೆ ಒಮ್ಮೆ ಸಿರಸಂಗಿಗೆ ಹೋಗಿದ್ದಾಗ, ಊರ ಹೊರಗಿನ ಬೇವಿನ ಗಿಡದ ಕೆಳಗೆ ಕೃಷ್ಣವ್ವ ಕಂಡಳು. ಮಗಳನ್ನು ಆ ಕಡೆ ಕೊಟ್ಟಿದ್ದಳಂತೆ. ತಲೆ ನರೆತಿತ್ತು. ಇಬ್ಬರೂ ಸ್ವಲ್ಪ ದೂರ ಬಿಟ್ಟು ಕುಳಿತರು.

"ನೀ ಹೋದ ಮ್ಯಾಲ ಸಾವಕಾರ ಆ ಬಾಂವಿ ಮುಚ್ಚಿಸಿದ" ಎಂದಳು ಕೃಷ್ಣವ್ವ. "ಮೈಲಿಗಿ ಆತು, ಅದಕ್ಕ ಮುಚ್ಚಿಸಿದ್ನಿ ಅಂತ ಊರ ಮುಂದ ಹೇಳಿದ. ಮುಂದಿನ ಓಣ್ಯಾಗ ಹೊಸಾದು ತೋಡಿಸ್ಯಾನ."

"ಕೂಸು?"

"ಬದುಕೇತಿ. ಪಾಟಿ ಹಿಡದು ಸಾಲಿಗೆ ಹೊಂಟೇತಿ ಈಗ."

ದುರ್ಗಪ್ಪ ಬೇವಿನ ಕಡ್ಡಿಯೊಂದನ್ನು ಎತ್ತಿಕೊಂಡು ಸಣ್ಣ ಸಣ್ಣ ತುಂಡು ಮಾಡುತ್ತ ಕುಳಿತ. ಕೃಷ್ಣವ್ವ ಮತ್ತೆ ಹೇಳಿದಳು.

"ಸೊಸಿ ಒಂದಿನ ಗೋಡಿ ಆಚಿಂದ ನನ್ನ ಕರದಿದ್ಲು. ಆ ಗಚ್ಚ ಹಾಕಾಂವನ ಹೆಸರೇನು ಅಂತ ಕೇಳಿದ್ಲು."

"ಹೇಳಿದ್ಯಾ?"

"ಹೇಳಿದ್ನಿ."

"ಏನಂದ್ಲು?"

"ಏನೂ ಅನ್ನಲಿಲ್ಲಪ. ದುರ್ಗಪ್ಪ, ದುರ್ಗಪ್ಪ ಅಂತ ಎರಡ ಸಲ ತನ್ನಷ್ಟಕ್ಕ ಅಂದ್ಲು. ಅತ್ತಿ ಕರದ್ಲು, ಹೋದ್ಲು."

ಹೊತ್ತು ಇಳಿಯುತ್ತಿತ್ತು. ಕೃಷ್ಣವ್ವ ಎದ್ದು ಸೆರಗು ಕೊಡವಿದಳು. "ಈಗ ಯಾರೂ ಏನೂ ಅನ್ನಾಂಗಿಲ್ಲ. ಊರಿಗೆ ಬರಬಾರದೇನ? ಮುಪ್ಪಿನ ಕಾಲಕ್ಕ ಒಬ್ಬನ ಅಲ್ಲೇನ ಮಾಡ್ತಿ?"

"ಅಲ್ಲಿಗೆ ಬಂದ್ರೂ ನಾ ಒಬ್ಬನ ಅಲ್ಲೇನು?" ಎಂದ ದುರ್ಗಪ್ಪ. ಮಾತು ಒರಟಾಯಿತೆನಿಸಿ, "ಕೆಲಸ ಹಿಡದೇನಿ ಬೇ, ಬಿಟ್ಟ ಬರಾಕ ಆಗೂದಿಲ್ಲ" ಎಂದು ಸೇರಿಸಿದ. ಅವಳು ಗಂಟಿನಿಂದ ಎರಡು ರೊಟ್ಟಿ ತೆಗೆದು ಕೈಗೆ ಕೊಟ್ಟಳು. ಬೇರೆಯವರು ತಟ್ಟಿದ ರೊಟ್ಟಿಯನ್ನು ಅವನು ತಿಂದು ವರ್ಷಗಳಾಗಿದ್ದವು. ರಾಮದುರ್ಗದ ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಮುರಿದು ತಿನ್ನುತ್ತ ನಡೆದ.

ಅದಾದ ಮೇಲೆ ಆರು ವರ್ಷ ಬದುಕಿದ್ದ. ಸಾವಿರದ ಒಂಬೈನೂರ ಹದಿನೆಂಟನೆಯ ಇಸವಿಯ ಜ್ವರ ಊರೂರುಗಳನ್ನು ಮಲಗಿಸಿದಾಗ ಸುಣ್ಣದ ಭಟ್ಟಿಯವರು ಅವನ ಗುಡಿಸಲಿನಲ್ಲಿ ಒಲೆ ಉರಿಯದಿರುವುದನ್ನು ಕಂಡು ಇಣುಕಿ ನೋಡಿದರು. ಅವರೇ ನಾಲ್ಕು ಜನ ಸೇರಿ ಮಣ್ಣು ಮಾಡಿದರು. ಆ ವಾರ ಅವನು ಒಂದು ಮನೆಯ ಹಿತ್ತಲ ಕದವನ್ನು ಅರ್ಧ ಕೂರಿಸಿ ಬಂದಿದ್ದ. ಮನೆಯವರು ಎರಡು ದಿನ ಸಂದಿಯ ಕಡೆ ಮುಖ ಮಾಡಿ ಕೂಗಿದರು. ಮೂರನೆಯ ದಿನ ಕದಕ್ಕೆ ಒಂದು ಕಲ್ಲು ಆನಿಸಿಟ್ಟು, ಬೇರೆ ಯಾರಾದರೂ ಸಿಗುತ್ತಾರೇನೋ ಎಂದು ವಿಚಾರಿಸಲು ಆಳನ್ನು ಕಳಿಸಿದರು.