ಬಾಡಿಗೆಯ ತವರು

ಹೊಳೆ ಕಾಣುತ್ತದೆ ಎಂದು ಹೇಳಿಯೇ ಆ ಮನೆಯನ್ನು ನನಗೆ ತೋರಿಸಿದ್ದರು. ಕಾಣುತ್ತಿದ್ದುದೂ ನಿಜ, ತಾರಸಿಯ ನೀರಿನ ಟಾಕಿಯ ಕಟ್ಟೆ ಹತ್ತಿ ಎದುರಿನ ಕಟ್ಟಡದ ಎಡಕ್ಕೆ ಕುತ್ತಿಗೆ ಚಾಚಿದರೆ. ಮೊದಲ ದಿನವೇ ಮಾಲೀಕರಿಗೆ ಇದನ್ನು ಹೇಳಿದೆ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಿಂತವಳು ನಾನು, ಅರ್ಧ ಸುಳ್ಳನ್ನು ಹಾಗೇ ಹೋಗಗೊಡುವ ಅಭ್ಯಾಸವಿರಲಿಲ್ಲ. ಅವರು ಜೋರಾಗಿ ನಕ್ಕು, "ನೀವು ಲಾಯರ್ ಆಗ್ಬೇಕಿತ್ತು ಮೇಡಂ" ಎಂದರು. ನಾನು ಹಿಗ್ಗಿದೆ.

ತುಂಗಭದ್ರೆಯ ದಂಡೆಯ ಆ ನಗರಕ್ಕೆ ನಾನು ಹೋದದ್ದು ಕಾಲೇಜೊಂದರ ಅತಿಥಿ ಉಪನ್ಯಾಸಕಿಯಾಗಿ. ಗುಡಗೇರಿಯ ಎರೆಹೊಲದ ನಡುವೆ ಬೆಳೆದವಳಿಗೆ ಓಣಿ ಮುಗಿಯುವಲ್ಲಿ ಹೊಳೆ ಇರುವುದೇ ದೊಡ್ಡ ಶ್ರೀಮಂತಿಕೆಯಾಗಿ ಕಂಡಿತ್ತು. ಅವ್ವ ಮಾತ್ರ ಮೊದಲ ಸಲ ಬಂದಾಗಲೇ ಸೊಂಟದ ಮೇಲೆ ಕೈಯಿಟ್ಟಳು. "ಹೊಳಿ ಬಾಗಲಾಗ ಐತಿ, ನಳಾ ವಾರಕ್ಕ ಎರಡ ಸಲ ಬರತೈತಿ! ಇಂಥಾ ಊರಿಗೆ ಬಾಡಗಿ ಬ್ಯಾರೆ ಕೊಡ್ತಿ?"

ಮರುವರ್ಷ ತಂಗಿ ಬಸುರಿಯಾದಳು. ಮೂರು ತಿಂಗಳಲ್ಲಿ ಗುಡಗೇರಿಗೆ ಬಂದಿದ್ದಾಗಲೇ ರಕ್ತದೊತ್ತಡ ಏರಿತು. ದೊಡ್ಡ ಆಸ್ಪತ್ರೆ ಹತ್ತಿರವಿರುವ ಊರಲ್ಲೇ ಹೆರಿಗೆಯಾಗಲಿ ಎಂದರು ಕುಂದಗೋಳದ ಡಾಕ್ಟರು. ಅವಳ ಅತ್ತೆಯ ಮನೆ ಹುಬ್ಬಳ್ಳಿಯಲ್ಲಿ. "ನಮ್ಮಲ್ಲೇ ಇರ್ಲಿ ಬಿಡ್ರಿ, ದವಾಖಾನಿ ಅಗದಿ ಬಾಜೂಕ ಐತಿ" ಎಂದು ಆ ಮನೆಯವರು ಪ್ರೀತಿಯಿಂದಲೇ ಹೇಳಿದರು. ಅಪ್ಪ ಒಪ್ಪಲಿಲ್ಲ. ಚೊಚ್ಚಲ ಹೆರಿಗೆ ಎಂದರೆ ತವರಿನ ಹಕ್ಕು. "ಪ್ಯಾಟಿಯಾಗ ನಮಗೂ ಒಂದ ಮನಿ ಐತ್ರಿ" ಎಂದುಬಿಟ್ಟ. ಆ ಮನೆ ಎಂದರೆ ನನ್ನ ಬಾಡಿಗೆಯ ಎರಡು ಕೋಣೆ. ಅವ್ವ ಆ ವಾರವೇ ಹಳೆಯ ಮೆತ್ತನೆಯ ಸೀರೆಗಳನ್ನು ಹರಿದು ಕೂಸಿನ ಬಟ್ಟೆ ಮಾಡಲು ಕೂತಳು.

ಹನ್ನೊಂದು ತಿಂಗಳ ಕರಾರು ಮುಗಿಯಲು ಬಂದಿತ್ತು. ಅಪ್ಪನನ್ನು ಕರೆದುಕೊಂಡು ಕೆಳಗಿನ ಮನೆಗೆ ಹೋಗಿ ಮಾಲೀಕರನ್ನು ನೇರವಾಗಿ ಕೇಳಿದೆ. "ಮನ್ಯಾಗ ಬಾಣಂತಿ, ಕೂಸು ಇರ್ತಾವ್ರಿ. ಅಡ್ಡಿ ಇದ್ರ ಈಗ ಹೇಳಿಬಿಡ್ರಿ."

"ಅಡ್ಡಿ ಏನು ಬಂತು? ನೀವು ನಮ್ಮನೆ ಮಗಳಿದ್ದಂಗೆ. ಕೂಸು ಅತ್ತರೇ ಮನೆಗೆ ಕಳೆ."

"ಹಂಗಾದ್ರ ಹೊಸಾ ಕರಾರು ಬರಸೂಣು."

ಅಪ್ಪ ನನ್ನ ಮೊಣಕೈ ಹಿಡಿದ. ನಮ್ಮ ಕಡೆ ಹೊಲವನ್ನು ವರ್ಷದ ಮಟ್ಟಿಗೆ ಇನ್ನೊಬ್ಬರ ಸಾಗುವಳಿಗೆ ಕೊಡುವುದಕ್ಕೆ ಲಾವಣಿ ಎನ್ನುತ್ತಾರೆ. ಯುಗಾದಿಗೆ ಮಾತಾಗುತ್ತದೆ, ಎಲೆ-ಅಡಿಕೆ ಕೈಬದಲಾಗುತ್ತದೆ, ಮುಂದಿನ ಯುಗಾದಿಯವರೆಗೆ ಆ ಮಾತು ನಿಲ್ಲುತ್ತದೆ. ಆಮೇಲೆ ಕಾಗದ ಕೇಳಿದರೆ ಎದುರಿನವನನ್ನು ಕಳ್ಳ ಎಂದಂತೆ. ಇನ್ನೊಂದು ಕಟ್ಟಳೆಯೂ ಇದೆ: ಹೊಲದಲ್ಲಿ ಪೀಕು, ಅಂದರೆ ಬೆಳೆ, ನಿಂತಿರುವಾಗ, ಎಂಥ ಜಗಳ ಬಿದ್ದರೂ, ಯಾರೂ ಲಾವಣಿ ಬಿಡಿಸುವುದಿಲ್ಲ. ಜೀವಮಾನವಿಡೀ ಪರರ ಹೊಲ ಮಾಡಿದ ಅಪ್ಪನಿಗೆ ಭೂಮಿಯ ಮೇಲಿನ ಬಾಡಿಗೆಗಳೆಲ್ಲ ಒಂದೇ ಜಾತಿಯವು.

"ಯುಗಾದಿಯಿಂದ ಯುಗಾದಿತನಕ ಅಂತ ಮಾತಾಗ್ಲಿ ಸಾಹುಕಾರ್ರ" ಎಂದು ಸಂಚಿ ಬಿಚ್ಚಿ ಎಲೆ-ಅಡಿಕೆ ಕೊಟ್ಟ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. "ಇಷ್ಟು ಸಾಕು ಯಜಮಾನ್ರೇ. ಕಾಗದ ಗೀಗದ ಯಾಕೆ?"

ನನಗೆ ಗೊತ್ತಿತ್ತು. ಬರೆಯದ ಮಾತು ಬಲವಿದ್ದವನ ಕಡೆಗೆ ವಾಲುತ್ತದೆ ಎಂದು ನನ್ನ ವಿದ್ಯಾರ್ಥಿಗಳಿಗೆ ನಾನೇ ಹೇಳಿಕೊಟ್ಟಿದ್ದೆ. ಆದರೆ 'ನಮ್ಮನೆ ಮಗಳು' ಎನ್ನುವ ಎರಡು ಪದ, ಅಪ್ಪನ ಹಿಡಿತ, ಎರಡೂ ಸೇರಿ ನನ್ನ ಬಾಯಿ ಕಟ್ಟಿದವು.

ಏಳನೇ ತಿಂಗಳಿಗೆ ತಂಗಿ ಬಂದಳು, ಜೊತೆಗೆ ಅವ್ವ. ಸಂಜೆ ಮೂವರೂ ನಿಧಾನಕ್ಕೆ ಹೊಳೆಯ ಮೆಟ್ಟಿಲವರೆಗೆ ನಡೆದು ಬರುತ್ತಿದ್ದೆವು. ನೀರು ಕೆಂಪಾಗಿ ಏರತೊಡಗಿತ್ತು. ಹೀಗೆ ಹದಿನೈದು ದಿನ. ಆಮೇಲೆ ಒಂದು ಸೋಮವಾರ ಮಾಲೀಕರು ಮೇಲೆ ಬಂದು ಬಾಗಿಲಲ್ಲೇ ನಿಂತರು.

"ಶ್ರಾವಣದಲ್ಲಿ ನಮ್ಮ ಮಗನ ನಿಶ್ಚಿತಾರ್ಥ ಮೇಡಂ. ಒಂದೇ ಸೂರಿನಡಿ ಹೆರಿಗೆ ಸೂತಕ ಅಂದ್ರೆ ಹೆಣ್ಣಿನ ಕಡೆಯೋರು ಒಪ್ಪಲ್ಲ. ಬೇರೆ ಕಡೆ ನೋಡ್ಕೊಳ್ಳಿ."

ನಾನು ಬಿಡಲಿಲ್ಲ. "ನಾನು ನಿಮ್ಮನಿ ಮಗಳು ಅಂದ್ರಿ. ಮಗಳಾದ್ರ ಹೊರಗ ಹಾಕೂದು ಹೆಂಗ್ರಿ? ಮಗಳಲ್ಲಾ ಅಂದ್ರ ನಿಮಗ ಸೂತಕ ಹೆಂಗ್ ತಟ್ಟತೈತ್ರಿ? ಎರಡರಾಗ ಒಂದ ಹೇಳ್ರಿ."

ಅವರು ತಾಳ್ಮೆಯಿಂದ ಪೂರ್ತಿ ಕೇಳಿದರು. "ನೀವು ಹೇಳೋದೆಲ್ಲ ಸರಿ ಮೇಡಂ. ನನ್ನ ಹತ್ರ ಉತ್ತರ ಇಲ್ಲ. ಶನಿವಾರದೊಳಗೆ ಖಾಲಿ ಮಾಡಿ."

"ಯುಗಾದಿತನಕ ಅಂತ ಮಾತಾಗೈತಲ್ರಿ!"

"ಎಲ್ಲಿ ಬರೆದಿದೆ? ತೋರಿಸಿ."

ಅಷ್ಟು ಸಂಪೂರ್ಣವಾಗಿ ನಾನು ಯಾವ ಚರ್ಚೆಯನ್ನೂ ಗೆದ್ದಿರಲಿಲ್ಲ.

ಮರುದಿನ ಅಪ್ಪ ರೈಲಿನಲ್ಲಿ ಬಂದ. ಮಾಲೀಕರ ಕಟ್ಟೆಯ ಮೇಲೆ ಕೂತು, ದನಿ ಏರಿಸದೆ, ಒಂದೇ ಮಾತು ಹೇಳಿದ. "ಪೀಕ ನಿಂತೈತ್ರಿ. ನಿಂತ ಪೀಕಿನ್ಯಾಗ ಯಾರರ ಬಿಡಸ್ತಾರೇನ್ರಿ?"

ಅವರು ನನ್ನ ಮುಖ ನೋಡಿದರು. "ಏನಂತಾರೆ ಇವರು?"

ಕನ್ನಡವನ್ನು ಕನ್ನಡಕ್ಕೇ ಬಿಡಿಸಿ ಹೇಳಿದೆ. "ಇದು ಹೊಲ ಅಲ್ಲ ಯಜಮಾನ್ರೇ, ಮನೆ" ಎಂದು ಅವರು ಒಳಗೆ ಹೋದರು. ಕದ ಮುಚ್ಚಿಕೊಂಡಿತು.

ಅಪ್ಪ ನನ್ನತ್ತ ತಿರುಗಿದ. "ನೀ ಕಲತಾಕಿ. ಊರ ಮಂದಿ ಜೋಡಿ ಎಲ್ಲಾ ವಾದಾ ಮಾಡ್ತಿ. ಅವತ್ತ ಒಂದಿನ ನನ್ನ ಜೋಡಿ ಮಾಡಾಕ ಏನಾಗಿತ್ತಲೇ ನಿನಗ?"

ಮಾಲೀಕರ ಮೋಸವನ್ನು ನಾನು ಇವತ್ತಿಗೂ ಸಿಟ್ಟಿನಿಂದ ನೆನೆಯಬಲ್ಲೆ. ಅಪ್ಪನ ಈ ಮಾತನ್ನು ಹಾಗೆ ನೆನೆಯಲು ಬರುವುದಿಲ್ಲ. ಮೊಣಕೈ ಹಿಡಿದವನೇ ಕೈಬಿಟ್ಟ ಎಂದು ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ಮಾತ್ರ ಆಗಿಲ್ಲ.

ನಾಲ್ಕು ದಿನ ಮನೆ ಹುಡುಕಿದೆವು. ತೆರೆದ ಬಾಗಿಲುಗಳಲ್ಲಿ ಕಣ್ಣುಗಳು ಮೊದಲು ತಂಗಿಯ ಹೊಟ್ಟೆಗೆ ಹೋಗುತ್ತಿದ್ದವು, ಆಮೇಲೆ "ಮೊನ್ನೆಯೇ ಬೇರೆಯವರಿಗೆ ಕೊಟ್ವಿ" ಎಂಬ ಉತ್ತರ ಬರುತ್ತಿತ್ತು. ಶುಕ್ರವಾರ ಅವಳ ಕಾಲು ಬಾತುಕೊಂಡವು. ಶನಿವಾರ ಅವಳ ಅತ್ತೆಯ ಮನೆಯವರು ಕಾರು ತಂದು ಹುಬ್ಬಳ್ಳಿಗೆ ಕರೆದೊಯ್ದರು. ಒಂದು ಕೊಂಕು ಮಾತಾಡಲಿಲ್ಲ. ಆಡಿದ್ದರೆ ಉತ್ತರ ಕೊಟ್ಟು ಹಗುರಾಗುತ್ತಿದ್ದೆವೇನೋ. ಹೆರಿಗೆ ಅಲ್ಲೇ ಆಯಿತು, ಹೆಣ್ಣು ಕೂಸು. ಹಸಿಗೂಸನ್ನು ಗುಡಗೇರಿಗೆ ಒಯ್ಯುವುದು ಬೇಡ, ಬಾಣಂತನವೂ ಇಲ್ಲೇ ಆಗಲಿ ಎಂದರು.

ಒಂಬತ್ತನೇ ದಿನ ನಾನೂ ಅವ್ವನೂ ನೋಡಲು ಹೋದೆವು. ಬಚ್ಚಲಲ್ಲಿ ಹಂಡೆಯ ನೀರು ಕಾದಿತ್ತು. ತಂಗಿಯ ಅತ್ತೆ ಮಣೆಯ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಅವ್ವ ಬಾಗಿಲ ಹತ್ತಿರ ಹೋಗಿ ಸೆರಗು ಸಿಗಿಸಿಕೊಂಡು ನಿಂತಳು.

"ಇವತ್ತೊಂದಿನ ನಾ ನೀರ ಎರೀಲೇನ್ರಿ?"

ಆಕೆ ತಲೆಯೆತ್ತಿ ನಿಜವಾದ ಅಕ್ಕರೆಯಿಂದ ನಕ್ಕಳು. "ಅಯ್ಯ, ನೀವು ಬೀಗರು. ನಿಮ್ಮ ಕೈಲೆ ಕೆಲಸಾ ಮಾಡಸೂದೇನ್ರಿ? ಆರಾಮ ಕೂಡ್ರಿ, ಚಾ ತರಸ್ತೀನಿ."

ಅವ್ವ ಸಿಗಿಸಿದ ಸೆರಗನ್ನು ಬಿಡಿಸಿಕೊಂಡು, ಹೊರಗಿನ ಕೋಣೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತಳು.