ಗಂಗಯ್ಯನವರ ಕಿವಿ ಸಮುದ್ರ ದಾಟಿದ್ದು

ಅರಳಗುಪ್ಪೆಯ ಗಂಗಯ್ಯನವರಿಗೆ ಆಸ್ತಿ ಅಂತ ಇದ್ದದ್ದು ಮೂರು ಎಕರೆ ತೆಂಗಿನ ತೋಟ ಮತ್ತು ಒಂದು ಬಲಗಿವಿ. ತೋಟ ಊರಲ್ಲಿ ಎಲ್ಲರಿಗೂ ಇತ್ತು. ಅಂಥ ಕಿವಿ ಅವರೊಬ್ಬರಿಗೇ.

ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ ಅದು ಕೆಳಗಿನ ಒಲೆಯ ಹೊಗೆ ಕುಡಿದುಕೊಂಡು ಹತ್ತು ಹನ್ನೊಂದು ತಿಂಗಳು ಬಿದ್ದಿರುತ್ತದೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅವಸರಪಟ್ಟು ಒಡೆದರೆ ಚಿಪ್ಪಿಗೆ ಕಚ್ಚಿಕೊಂಡು ಚೂರಾಗುತ್ತದೆ. ಹದ ತಿಳಿಯಲು ಒಂದೇ ದಾರಿ, ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುವುದು: ಗಟಗಟ ಎಂದರೆ ಉಂಡೆ ಚಿಪ್ಪು ಬಿಟ್ಟಿದೆ, ಚುಳುಕು ಎಂದರೆ ನೀರು ಇನ್ನೂ ಇದೆ. ಇದನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಗಂಗಯ್ಯನವರು ಕಣ್ಣು ಮುಚ್ಚಿ, ಹೆಗಲ ಟವೆಲನ್ನು ಕೆಳಗಿಟ್ಟು, ಮೂರು ಸಲ ಅಲ್ಲಾಡಿಸಿ ತೀರ್ಪು ಕೊಡುತ್ತಿದ್ದರು. ಅವರು ಆಗಿದೆ ಅನ್ನುವ ತನಕ ಅವರ ಬೀದಿಯಲ್ಲಿ ಯಾರ ಅಟ್ಟದಿಂದಲೂ ಕಾಯಿ ಇಳಿಯುತ್ತಿರಲಿಲ್ಲ.

೨೦೦೪ರಲ್ಲಿ ತೆಂಗು ಬೆಳೆಗಾರರ ತಂಡವೊಂದು ಹನ್ನೆರಡು ದಿನ ಶ್ರೀಲಂಕಾ ನೋಡಲು ಹೊರಟಾಗ ಗಂಗಯ್ಯನವರ ಹೆಸರೂ ಪಟ್ಟಿಯಲ್ಲಿತ್ತು. ಖುಷಿಯ ಬೆನ್ನಿಗೇ ಒಂದು ದಿಗಿಲು ಹತ್ತಿತು. ಅಟ್ಟದ ಕಾಯಿ ಹದಕ್ಕೆ ಬರುವ ಹೊತ್ತು. ಸುಲಿಯುವ ಆಳುಗಳ ತಂಡ ಊರಿಂದೂರಿಗೆ ಸುತ್ತುತ್ತಿತ್ತು. ಈ ವಾರ ಅರಳಗುಪ್ಪೆ ಬಿಟ್ಟು ನೊಣವಿನಕೆರೆ ಕಡೆ ಹೋದರೆ ಇನ್ನೊಂದು ತಿಂಗಳು ಸಿಗುವವರಲ್ಲ. ತಾವಿಲ್ಲದಾಗ ಅವರು ಬಂದು, ಊರವರು ತಾವಾಗಿಯೇ ಕಾಯಿ ಇಳಿಸಿ, ಕೊಬ್ಬರಿ ಚೆನ್ನಾಗಿಯೇ ಬಂದುಬಿಟ್ಟರೆ? ಗಂಗಯ್ಯನವರಿಗೆ ಹಾಳಾಗುವ ಕೊಬ್ಬರಿಗಿಂತ ಚೆನ್ನಾಗಿ ಬರುವ ಕೊಬ್ಬರಿಯದೇ ಹೆಚ್ಚು ಭಯ.

ತಿಪಟೂರು ಬಸ್‌ಸ್ಟ್ಯಾಂಡಿನ ಹಿಂದೆ ಸೈಬರ್ ಸೆಂಟರ್ ಇಟ್ಟಿದ್ದ ಸೂರ್ಯಪ್ರಕಾಶ್ ದಾರಿ ತೋರಿಸಿದ. ಅವರ ಹೆಸರಲ್ಲಿ ಒಂದು ಇ-ಮೇಲ್ ಮಾಡಿಕೊಟ್ಟು, ಕಂಪ್ಯೂಟರಿನಲ್ಲೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಾತಾಡುವುದನ್ನೂ ಕಲಿಸಿದ. ಗಂಗಯ್ಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಬನಿಯನ್ನಿನ ಒಳಜೇಬಿಗೆ ಹಾಕಿ ಪಿನ್ನು ಚುಚ್ಚಿಕೊಂಡರು. ತಾವು ಹೇಳುವವರೆಗೆ ಯಾರೂ ಅಟ್ಟ ಮುಟ್ಟಕೂಡದು ಎಂದು ಹೆಂಡತಿ ಹುಚ್ಚಕ್ಕನಿಗೂ ಪಕ್ಕದ ಮನೆ ಶ್ರೀರಂಗಯ್ಯನಿಗೂ ಆಜ್ಞೆ ಮಾಡಿ ವಿಮಾನ ಹತ್ತಿದರು.

ಉಳಿದವರು ಲಂಕೆಯಲ್ಲಿ ದೇವಸ್ಥಾನ, ಆನೆ, ಸಮುದ್ರ ನೋಡಿದರು. ಗಂಗಯ್ಯ ಸೈಬರ್ ಕೆಫೆ ನೋಡಿದರು. ಅಲ್ಲಿನ ಬೋರ್ಡುಗಳ ಅಕ್ಷರ ನಮ್ಮ ಅಕ್ಷರದಂತೆಯೇ ದುಂಡಗೆ, ಇನ್ನೇನು ಓದಿಬಿಡಬಹುದು ಎನ್ನುವ ಹಾಗೆ ಇರುತ್ತಿದ್ದವು. ಹತ್ತಿರ ಹೋದರೆ ಒಂದೂ ಗೊತ್ತಾಗುತ್ತಿರಲಿಲ್ಲ. ಹೀಗಾಗಿ ಒಂದು ಹಲ್ಲಿನ ಆಸ್ಪತ್ರೆಗೂ ಒಂದು ಹೊಲಿಗೆ ಶಾಲೆಗೂ ಹೋಗಿ ಪಾಸ್‌ವರ್ಡ್ ಚೀಟಿ ತೋರಿಸಿ ಬಂದರು. ಆ ದಿನಗಳಲ್ಲಿ ಲಂಕೆಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದಿತ್ತು. ಗಂಗಯ್ಯ ಮಾತ್ರ ತಮ್ಮ ವಾಚನ್ನು ತಿಪಟೂರಿನ ಟೈಮಿನಿಂದ ಒಂದು ನಿಮಿಷವೂ ಕದಲಿಸಲಿಲ್ಲ. ದಿನಾ ಬೆಳಿಗ್ಗೆ ಇಡೀ ಬಸ್ಸು ಅರ್ಧ ಗಂಟೆ ಇವರಿಗೆ ಕಾಯುತ್ತಿತ್ತು.

ತೆಂಗಿನ ಸೀಮೆಯಾದ ಕುರುಣೆಗಲದಲ್ಲಿ ತಂಡ ನಾಲ್ಕು ದಿನ ತಂಗಿತು. ಅಲ್ಲಿ ಕಾಯಿ ಹೋಳು ಮಾಡಿ ಗೂಡಿನಲ್ಲಿಟ್ಟು, ಬೆಂಕಿ ಹಾಕಿ ನಾಲ್ಕೇ ದಿನಕ್ಕೆ ಒಣಗಿಸುವುದನ್ನು ತೋರಿಸಿದರು. ಅಲ್ಲಾಡಿಸದೆ ಮಾಡುವ ಕೊಬ್ಬರಿಯ ಮೇಲೆ ಗಂಗಯ್ಯನವರಿಗೆ ಗೌರವ ಹುಟ್ಟಲಿಲ್ಲ. ಅಲ್ಲಿಯೇ ಒಂದು ಕೆಫೆ ಹಿಡಿದು, ಒಂದೇ ಬೆರಳಲ್ಲಿ ಮುಕ್ಕಾಲು ಗಂಟೆ ಕುಟ್ಟಿ ಸೂರ್ಯಪ್ರಕಾಶನಿಗೆ ಮೇಲ್ ಕಳಿಸಿದರು: ಬುಧವಾರ ಮೂರು ಗಂಟೆಗೆ ಹುಚ್ಚಕ್ಕ ಅಟ್ಟದ ಮೂರು ಕಾಯಿಯೊಂದಿಗೆ ಸೆಂಟರಿನಲ್ಲಿ ಹಾಜರಿರತಕ್ಕದ್ದು.

ಸೂರ್ಯಪ್ರಕಾಶ್ ಭಾನುವಾರವೇ ಶ್ರೀರಂಗಯ್ಯನ ಮನೆಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದ. ಬುಧವಾರ ಹುಚ್ಚಕ್ಕ ಚೀಲದಲ್ಲಿ ಕಾಯಿ ಹಾಕಿಕೊಂಡು ಬಸ್ಸಲ್ಲಿ ಬಂದಳು.

"ಕೇಳುಸ್ತಾ ಐತಾ? ಊಟ ಆಯ್ತಾ?"

"ಊಟ ಅಂಗಿರ್ಲಿ ಕಣೇ. ಕಾಯಿ ಅಲ್ಲಾಡ್ಸು."

ಹುಚ್ಚಕ್ಕ ಮೈಕಿನ ಮುಂದೆ ಒಂದೊಂದೇ ಕಾಯಿ ಅಲ್ಲಾಡಿಸಿದಳು. ಕುರುಣೆಗಲದಲ್ಲಿ ಗಂಗಯ್ಯ ಟವೆಲ್ ಕೆಳಗಿಟ್ಟು ಕಣ್ಣು ಮುಚ್ಚಿದರು. ಆ ಕಾಲದ ಇಂಟರ್‌ನೆಟ್ಟು ಯಾವ ಸದ್ದನ್ನೂ ಇಡಿಯಾಗಿ ಸಾಗಿಸುತ್ತಿರಲಿಲ್ಲ. ತಿಪಟೂರಲ್ಲಿ ಗಟಗಟ ಎಂದ ಕಾಯಿ ಸಮುದ್ರ ದಾಟುವ ಹೊತ್ತಿಗೆ ಚುಳುಕು ಚುಳುಕು ಎಂದಿತು. ಗಂಗಯ್ಯ ಪದ್ಧತಿಯಂತೆ ತೀರ್ಪು ಕೊಟ್ಟರು.

"ಇನ್ನೂ ನೀರೈತೆ ಕಣೇ. ಹತ್ತು ದಿನ ಬುಡ್ಬೇಕು."

"ಹತ್ತೇ ದಿನಾನಾ?"

"ಹತ್ತೇ."

"ಆಯ್ತು ಬುಡಿ. ಈ ಮೂರು ಕಾಯ್ನ ಹತ್ತು ದಿನ ಯಾರೂ ಮುಟ್ಟಾಕಿಲ್ಲ."

ಆರನೆಯ ದಿನ ಗಂಗಯ್ಯ ಊರಿಗೆ ಬಂದು, ಚಪ್ಪಲಿ ಬಿಟ್ಟವರೇ ಏಣಿ ಹತ್ತಿದರು. ಅಟ್ಟದಲ್ಲಿ ಮೂರು ಕಾಯಿ ಇದ್ದವು. ಬೇರೇನೂ ಇರಲಿಲ್ಲ. ಕೆಳಗೆ ಗೋಡೆಗೊರಗಿಸಿದ ಚೀಲಗಳಲ್ಲಿ ಉಂಡೆ ಕೊಬ್ಬರಿ, ಒಂದೂ ಚೂರಾಗದೆ, ತುಂಬಿ ಕೂತಿತ್ತು.

"ಸುಲಿಯೋರು ಆ ಬುಧವಾರಕ್ಕೆ ಮುಂಚೆ, ಸೋಮವಾರ್ವೇ ಬಂದ್ರು," ಹುಚ್ಚಕ್ಕ ರಾಗಿಹಿಟ್ಟು ಜರಡಿ ಹಿಡಿಯುತ್ತಲೇ ಹೇಳಿದಳು. "ಶ್ರೀರಂಗಯ್ನೋರು ಕಾಯಿ ತಂದು ಏನ್ಮಾಡಾನ ಅಂದ್ರು. ಅಲ್ಲಾಡ್ಸಿ ನೋಡ್ದೆ. ಆಗಿತ್ತು. ಅವ್ರೂ ಇಳಿಸಿದ್ರು, ನಾವೂ ಇಳಿಸಿದ್ವಿ."

"ಮತ್ತೆ ಬುಧವಾರ ನನ್ನ ಕೇಳಿದ್ದು?"

"ನೀವು ಕೇಳ್ಬೇಕು ಅಂದ್ರಲ್ಲ, ಅದಕ್ಕೆ ಮೂರು ಉಳಿಸ್ಕೊಂಡಿದ್ದೆ. ಇಪ್ಪತ್ತೆಂಟು ವರ್ಷದಿಂದ ಅಟ್ಟದ ಕೆಳಗೇ ಒಲೆ ಉರಿಸ್ತಿದೀನಿ ಕಣ್ರೀ. ಮೇಲೆ ಇಲಿ ಒಂದು ಕಾಯಿ ಉರುಳಿಸಿದ್ರೂ ಆಗೈತೋ ಇಲ್ವೋ ಗೊತ್ತಾಯ್ತದೆ."

ಗಂಗಯ್ಯ ಮೂರು ಕಾಯಿಯನ್ನು ಅಟ್ಟದಲ್ಲೇ ಬಿಟ್ಟು ಇಳಿದು, ಏಣಿ ತೆಗೆದಿಟ್ಟರು. ಉಳಿದ ನಾಲ್ಕು ದಿನವನ್ನು ಶಿಸ್ತಿನಿಂದ ಕಾದರು. ಹತ್ತನೆಯ ದಿನ ಶ್ರೀರಂಗಯ್ಯನನ್ನು ಜಗಲಿಗೆ ಕರೆಸಿ, ಅವನೆದುರಿಗೇ ಮೂರೂ ಕಾಯಿ ಸುಲಿದು ಒಡೆದರು. ಮೂರು ಉಂಡೆಗಳೂ ಇಡಿಯಾಗಿ ಉರುಳಿಬಂದವು.

"ನೋಡಿದ್ಯೇನಪ್ಪ," ಎಂದರು ಗಂಗಯ್ಯ. "ಲಂಕೆಯಿಂದ್ಲೇ ಹೇಳಿದ್ದೆ, ಹತ್ತು ದಿನ ಅಂತ."

ಶ್ರೀರಂಗಯ್ಯ ನೋಡಿದೆ ಎಂದ. ತಡವಾಗಿ ಅಟ್ಟಕ್ಕೆ ಹಾಕಿದ್ದ ಇನ್ನೊಂದಿಷ್ಟು ಕಾಯಿ ಅವನಲ್ಲಿತ್ತು. ಅದರಲ್ಲೊಂದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದವನು ಭಕ್ತಿಯಿಂದ ಮುಂದೆ ಹಿಡಿದ. ಗಂಗಯ್ಯ ಕಣ್ಣು ಮುಚ್ಚಿ, ಮೂರು ಸಲ ಅಲ್ಲಾಡಿಸಿ, ಇನ್ನು ಹದಿನೈದು ದಿನ ಎಂದರು. ಶ್ರೀರಂಗಯ್ಯ ಕೈಮುಗಿದು, ಕೊಬ್ಬರಿಯ ಒಂದು ಚೂರು ಬಾಯಿಗೆ ಹಾಕಿಕೊಂಡು ಎದ್ದ. ಬೀದಿಗೆ ಇಳಿಯಲಿಲ್ಲ, ಕಾಯಿಯೊಂದಿಗೆ ಹುಚ್ಚಕ್ಕ ಪಾತ್ರೆ ತೊಳೆಯುತ್ತಿದ್ದ ಹಿತ್ತಿಲಿನ ಕಡೆ ತಿರುಗಿದ.

ಸ್ವಲ್ಪ ಹೊತ್ತಿಗೆ ಹಿತ್ತಿಲಿನಿಂದ ಕಾಯಿ ಅಲ್ಲಾಡಿದ ಸದ್ದು ಬಂತು. ಬಹಳ ಮೆಲ್ಲಗೆ. ಗಂಗಯ್ಯನವರ ಕಿವಿ ಚುರುಕು, ಕೇಳಿಸಿತು.