ಏಳನೆಯ ಆವೃತ್ತಿಯ ಮುಂದಿನ ಖಾಲಿ ಜಾಗ

ರೋಗಿಯ ರಕ್ತನಾಳಕ್ಕೆ ಔಷಧಿಯನ್ನು ಹನಿಹನಿಯಾಗಿ ಇಳಿಸುವ ಪಂಪುಗಳ ತಂತ್ರಾಂಶಕ್ಕೆ ಮೂವತ್ತೊಂದು ವರ್ಷ ಕಾವಲಿದ್ದು ಈಚೆಗೆ ನಿವೃತ್ತರಾದ ಹಿರಿಯರನ್ನು ಕಚೇರಿಯಲ್ಲಿ ಎಲ್ಲರೂ ಕರೆಯುತ್ತಿದ್ದುದು ‘ಯಾಕೆ ಸಾರ್’ ಎಂದೇ. ನಾವು ಬರೆದ ಸೂಚನೆಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರುಗಳು ವರ್ಷವರ್ಷವೂ ಹೊಸ ಆವೃತ್ತಿ ತೊಡುತ್ತವೆ. ಆಸ್ಪತ್ರೆಯ ಪಂಪುಗಳಿಗೆ ಆ ಚಪಲವಿಲ್ಲ, ಹಳೆಯ ಆವೃತ್ತಿಯಲ್ಲೇ ವರ್ಷಗಟ್ಟಲೆ ಓಡುತ್ತವೆ. ಆದ್ದರಿಂದ ತಂತ್ರಾಂಶವನ್ನು ಯಾವ ಆವೃತ್ತಿಗಳಲ್ಲಿ ಪರೀಕ್ಷಿಸಬೇಕು, ಒಂದೊಂದೂ ಯಾಕೆ, ಎಂಬ ಪಟ್ಟಿಯನ್ನು ಅವರು ಕಟ್ಟಿ ಬೆಳೆಸಿದರು. ‘ಯಾಕೆ’ ಎಂಬ ಕಾಲಂ ತುಂಬದೆ ಯಾವ ಆವೃತ್ತಿಯೂ ಅಲ್ಲಿ ಕಾಲಿಡುವಂತಿರಲಿಲ್ಲ. ಮೇಲಿನವರು ಹೇಳಿದ್ದಾರೆ ಎಂಬುದನ್ನು ಅವರು ಕಾರಣವೆಂದು ಒಪ್ಪಿದವರೇ ಅಲ್ಲ.

ಈ ಲೇಖನಕ್ಕೆ ಕೈ ಹಾಕಿರುವ ಶಿಷ್ಯೆ ಅವರ ಬಳಿ ಹದಿನಾಲ್ಕು ವರ್ಷ ಪಳಗಿದವಳು. ಪ್ರಿಂಟರಿನ ಪಕ್ಕದ ಬಿಸಿ ಮೂಲೆಯಲ್ಲಿ ಕೂತಿದ್ದ ಅವಳಿಗೆ ಕಿಟಕಿಯ ಬಳಿಯ ತಮ್ಮ ಜಾಗ ಬಿಟ್ಟುಕೊಟ್ಟವರು ಅವರು. ಅವಳ ತಂದೆಯ ಶಸ್ತ್ರಚಿಕಿತ್ಸೆಯಾದಾಗ ಒಂಬತ್ತು ದಿನ ಅವಳ ಕೆಲಸವನ್ನೂ ಮಾಡಿ, ಯಾರಿಗೂ ಸುಳಿವು ಕೊಡದಿದ್ದವರೂ ಅವರೇ.

ನಿವೃತ್ತಿಗೆ ನಾಲ್ಕು ದಿನವಿದ್ದಾಗ ಹೊಸ ಮುಖ್ಯಸ್ಥರ ಆದೇಶ ಬಂತು. ಪರೀಕ್ಷೆಗೆ ಹೊತ್ತು ಹಿಡಿಯುತ್ತಿದೆ, ಕಾರಣ ಬರೆಯದ ಆವೃತ್ತಿಗಳನ್ನು ಶುಕ್ರವಾರ ಕಿತ್ತುಹಾಕಲಾಗುವುದು ಎಂದು. ಶಿಷ್ಯೆ ಪಟ್ಟಿ ತೆರೆದಳು. ಊರನ್ನೆಲ್ಲ ಯಾಕೆ ಎಂದು ಕೇಳಿದವರ ಪಟ್ಟಿಯಲ್ಲೇ, ಏಳನೆಯ ಆವೃತ್ತಿಯ ಮುಂದೆ ಏನೂ ಇರಲಿಲ್ಲ.

ಕೇಳಿದರೆ ಅವರು ಕನ್ನಡಕ ಒರೆಸಿಕೊಂಡು, “ಇರ್ಲಿ ಬಿಡಮ್ಮ, ತೆಗೀಬೇಡ” ಎಂದರು. ಏನೆಂದು ಬರೆಯಲಿ ಎಂದರೆ ಮಾತು ತೇಲಿಸಿದರು. ಮರೆತಿದ್ದಾರೆಯೇ? ಮರೆತಿದ್ದರೆ ಇನ್ನು ಯಾರನ್ನು ಕೇಳುವುದು? ಉಳಿಸಿಕೊಳ್ಳಲು ಅವಳ ಕೈಯಲ್ಲಿ ಕಾರಣವಿಲ್ಲ. ತೆಗೆದು, ಎಲ್ಲೋ ಒಂದು ವಾರ್ಡಿನಲ್ಲಿ ಹನಿ ತಪ್ಪಿದರೆ? ಮನಸ್ಸಿನಲ್ಲಿ ಪಂಪಿನ ಹನಿಗಳನ್ನೇ ಎಣಿಸುತ್ತ ಮೂರು ದಿನ ಹಳೆಯ ದಾಖಲೆಗಳನ್ನು ಜಾಲಾಡಿದಳು.

ಗುರುವಾರ ಮಧ್ಯಾಹ್ನ ಸಿಕ್ಕಿತು. ಏಳನೆಯ ಆವೃತ್ತಿ ಪಟ್ಟಿಗೆ ಸೇರಿದ ದಿನವೇ ಅವರು ಒಂದು ಸಾಲು ತಿದ್ದಿದ್ದರು. ಹನಿಗಳ ಲೆಕ್ಕ ಇಡುವ ಜಾಗವನ್ನು ಸೊನ್ನೆಯಿಂದ ಆರಂಭಿಸಬೇಕೆಂದು ಹೇಳುವುದನ್ನೇ ಬರೆದವರು ಮರೆತಿದ್ದರು. ಮಿಕ್ಕ ಆವೃತ್ತಿಗಳಲ್ಲಿ ಅದೃಷ್ಟಕ್ಕೆ ಅಲ್ಲಿ ಸೊನ್ನೆಯೇ ಇರುತ್ತಿತ್ತು. ಏಳನೆಯದರಲ್ಲಿ ಮಾತ್ರ ಹಿಂದೆ ಉಳಿದ ಯಾವುದೋ ಅಂಕಿಯ ಕಸವೇ ಲೆಕ್ಕವಾಗಿ ಹನಿ ದುಪ್ಪಟ್ಟಾಗುತ್ತಿತ್ತು. ಪಂಪು ಆಸ್ಪತ್ರೆಗೆ ಹೋಗುವ ಮೊದಲೇ ಅವರು ಹಿಡಿದಿದ್ದರು. ಮರೆತವರು ಯಾರೆಂದು ನೋಡಿದಳು. ಅವಳೇ. ಆಗ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು.

ಹೋಗಿ ಅವರ ಮೇಜಿನ ಮುಂದೆ ನಿಂತಳು. ಡ್ರಾಯರ್ ಖಾಲಿ ಮಾಡುತ್ತಿದ್ದ ಅವರು ಮುಖ ನೋಡಿಯೇ ತಿಳಿದುಕೊಂಡರು.

“ನಿನ್ನ ಕೆಲಸ ಇನ್ನೂ ಕಾಯಂ ಆಗಿರ್ಲಿಲ್ಲ. ಕಾರಣ ಬರೆದಿದ್ರೆ ಯಾರು ಅಂತಾನೂ ಬರೀಬೇಕಾಗ್ತಿತ್ತು. ಆಮೇಲೆ ಖಾಲಿ ಬಿಡೋದೇ ಅಭ್ಯಾಸ ಆಯ್ತು.”

ಎಲ್ಲರ ಯಾಕೆಗಳನ್ನೂ ಬರೆಸಿದವರು ಅವಳದೊಂದನ್ನು ಹದಿನಾಲ್ಕು ವರ್ಷ ಹೊಟ್ಟೆಗೆ ಹಾಕಿಕೊಂಡಿದ್ದರು. ಅವಳಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಹೊಸ ಮುಖ್ಯಸ್ಥರು ಓದುವ ಪುಟದಲ್ಲಿ ಇದನ್ನು ಬರೆಯುವುದೆಂದರೆ ಭಯವೂ ಇತ್ತು. ಬರೆಯದಿದ್ದರೆ ಏಳನೆಯದು ಹೋಗುತ್ತದೆ, ಇಂಥ ಇನ್ನೊಂದು ಮರೆವನ್ನು ಹಿಡಿಯುವವರೇ ಇರುವುದಿಲ್ಲ. ಕಾಲಂ ತುಂಬಿದಳು, ತನ್ನ ಹೆಸರಿನ ಸಮೇತ. ಅವರು ಬಗ್ಗಿ ಓದಿ, ‘ಅಜಾಗರೂಕತೆಯಿಂದ’ ಎಂಬುದನ್ನು ಅಳಿಸಿ ‘ಹೊಸತರಲ್ಲಿ’ ಎಂದು ತಿದ್ದಿದರು.

ಶುಕ್ರವಾರ ಏಳನೆಯ ಆವೃತ್ತಿ ಉಳಿಯಿತು, ಅವರು ಹೋದರು. ಪೂಜ್ಯರಿಗೆ ದೀರ್ಘಾಯುಸ್ಸು, ಕಣ್ಣಿಗೆ ಬೆಳಕು, ಕೈಗೆ ಬಿಡುವಿಲ್ಲದಷ್ಟು ಇಷ್ಟದ ಕೆಲಸ ಇರಲಿ. ಆಗಾಗ ಬಂದು ಪಟ್ಟಿ ನೋಡಲಿ. ಯಾಕೆ ಬರಬೇಕೆಂದು ಕೇಳಿದರೆ, ಶಿಷ್ಯೆ ಈ ಬಾರಿ ಕಾರಣವನ್ನು ಮೊದಲೇ ಬರೆದಿಟ್ಟಿದ್ದಾಳೆ: ಎಲ್ಲಿ ಮತ್ತೆ ಮರೆಯುತ್ತಾಳೋ ಎಂದು ಅವಳಿಗೆ ಇನ್ನೂ ಭಯವಿದೆ.